ಮುದುಡಿದ ಗಾರ್ಡು

ತೆಳುವಾದ ವಸ್ತುಗಳನ್ನು ಕಂಡರೆ ನನಗೆ ಆಗುವುದಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಮ್ಮ ಕಡೆ ಪಾತ್ರೆಯಾಗಲಿ ಕುರ್ಚಿಯಾಗಲಿ, ಎತ್ತಿ ನೋಡಿ, ಬೆರಳ ಗಣ್ಣಿನಿಂದ ಕುಟ್ಟಿ ನೋಡಿಯೇ ಕೊಳ್ಳುವುದು. ಭಾರವಿದ್ದರೆ ಗಟ್ಟಿ, ಗಟ್ಟಿಯಿದ್ದರೆ ಒಳ್ಳೆಯದು. ಹೊಸನಗರದ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದ ನನಗೂ ಇದಕ್ಕಿಂತ ಹೆಚ್ಚಿನ ತಿಳಿವಳಿಕೆ ಇರಲಿಲ್ಲ. ಚೆಂಡು ಹಿಡಿಯುವಾಗ ಕೈಯನ್ನು ಹಿಂದಕ್ಕೆ ಎಳೆದುಕೊಂಡರೆ ಪೆಟ್ಟು ಕಡಿಮೆ ಎಂದು ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸುತ್ತಿದ್ದೆ, ನಿಜ. ಅದು ಪರೀಕ್ಷೆಗೆ.

ಎಂಬತ್ತರ ದಶಕದ ಶುರುವಿನಲ್ಲಿ ಒಂದು ಹಳೇ ಜೀಪು ಕೊಂಡೆ. ಅದರ ಮೂತಿಗೆ ಗುದ್ದು ತಡೆಯುವ ಗಾರ್ಡು ಮಾಡಲು ಸಾಗರದಲ್ಲಿ ವೆಲ್ಡಿಂಗ್ ಶಾಪು ಇಟ್ಟಿದ್ದ ನಾಗಪ್ಪಾಚಾರಿಗೆ ಹೇಳಿದೆ. ಆತ ತೆಳು ತಗಡು ಸುತ್ತಿ ಎರಡು ಕೊಳವೆ ಮಾಡಿ, ಒಳಗೆ ಹಳೇ ಬಸ್ಸಿನ ಸೀಟಿನ ಫೋಮನ್ನು ಒತ್ತಿ ಒತ್ತಿ ತುರುಕಿ, ಗಾರ್ಡಿನ ಬೆನ್ನಿಗೆ ಕೂರಿಸಿ ಕಪ್ಪು ಬಣ್ಣ ಬಳಿದುಬಿಟ್ಟಿದ್ದ. ಬಣ್ಣ ಇನ್ನೂ ಹಸಿಯಿದ್ದುದರಿಂದ ನಾನು ಕುಟ್ಟಿ ನೋಡಲಿಲ್ಲ. ಅಷ್ಟಕ್ಕೇ ಮೋಸಹೋದೆ.

ತೀರ್ಥಹಳ್ಳಿ ರಸ್ತೆಯ ತಿರುವಿನಲ್ಲಿ ಎಮ್ಮೆ ತಪ್ಪಿಸಲು ಹೋಗಿ ಮೋರಿಕಟ್ಟೆಗೆ ಗುದ್ದಿದೆ. ಪಕ್ಕದಲ್ಲಿದ್ದ ನನ್ನ ಹೆಂಡತಿ ಶಾರದೆಯ ತೊಡೆಯ ಮೇಲಿದ್ದ ತಿಂಡಿ ಡಬ್ಬಿಯ ಮುಚ್ಚಳ ಕೂಡ ಕಳಚಲಿಲ್ಲ. ಗಾರ್ಡು ಮಾತ್ರ ಹಿಂದಕ್ಕೆ ಸರಿದಿತ್ತು. ಕೊಳವೆಗಳು ಮಡಿಕೆ ಮಡಿಕೆಯಾಗಿ ಕುಸಿದು, ಸೀಳಿನಿಂದ ಫೋಮು ಇಣುಕುತ್ತಿತ್ತು. ಸೇರಿದ ಜನ ನಮ್ಮನ್ನು ಮಾತಾಡಿಸಲೇ ಇಲ್ಲ, ಎಲ್ಲರೂ ಫೋಮು ಚಿವುಟಿ ನೋಡಿದರು.

“ಇದೆಂತ ಸಾರ್, ಹಾಸಿಗೆ ಕಟ್ಸಿದ್ರಾ?” ಎಂದ ಒಬ್ಬ.

ನನ್ನ ಮೈ ಉರಿದುಹೋಯಿತು. ಮರುದಿನವೇ ಸಾಗರಕ್ಕೆ ಹೋಗಿ, ಬೀದಿಯವರೆಲ್ಲ ಕೇಳುವಂತೆ ಆಚಾರಿಯ ಮರ್ಯಾದೆ ತೆಗೆದೆ. ಗುದ್ದಿಕೊಂಡು ಬಂದ ಲಾರಿಗಳನ್ನು ಬಿಚ್ಚಿ ಬಿಚ್ಚಿ ಪಳಗಿದ್ದ ಆತ ಕಬ್ಬಿಣಕ್ಕೆ ಅರ ಉಜ್ಜುವುದನ್ನು ನಿಲ್ಲಿಸಲಿಲ್ಲ.

“ಅದು ಮುದುಡ್ಲಿ ಅಂತ್ಲೇ ಮಾಡಿದ್ದು ಸಾರ್. ಪೆಟ್ಟು ಅದು ತಿನ್ಲಿಲ್ಲ ಅಂದ್ರೆ ನೀವು ತಿನ್ಬೇಕಾಗ್ತದೆ.”

ನನಗೇ ವಿಜ್ಞಾನ ಹೇಳಿಕೊಡುತ್ತೀಯಾ ಎಂದು ಕೂಗಾಡಿದೆ. ನಮಗೇನೂ ಆಗಲಿಲ್ಲವಲ್ಲ ಎಂದ, ಜೊತೆಗೆ ಬಂದಿದ್ದ ಶಾರದೆಯನ್ನೂ ಗದರಿದೆ. ದಪ್ಪ ನೀರಿನ ಪೈಪು ತರಿಸಿ, ಅದರೊಳಗೆ ಸಿಮೆಂಟು ತುಂಬಿಸಿ, ನಾನೇ ಎದುರು ನಿಂತು ಜೀಪಿನ ಛಾಸಿಗೇ ವೆಲ್ಡ್ ಮಾಡಿಸಿದೆ. ಕುಟ್ಟಿದರೆ ಬೆರಳು ನೊಂದಿತು. ಬಹಳ ಸಂತೋಷವಾಯಿತು. ಆಚಾರಿ ಕೆಲಸ ಮುಗಿಯುವವರೆಗೂ ನನ್ನ ಮುಖ ನೋಡಲಿಲ್ಲ.

ಆ ಮಳೆಗಾಲದಲ್ಲಿ, ಅದೇ ರಸ್ತೆಯಲ್ಲಿ, ಬ್ರೇಕು ಹಿಡಿಯದೆ ಹಲಸಿನ ಮರಕ್ಕೆ ಗುದ್ದಿದೆ. ಗಾರ್ಡಿಗೆ ಒಂದು ಗೀರೂ ಬೀಳಲಿಲ್ಲ. ಶಾರದೆಯ ಬಲಗೈ ಎರಡು ಕಡೆ ಮುರಿಯಿತು. ನನ್ನದು ಎದುರಿನ ಒಂದು ಹಲ್ಲು ಹೋಯಿತು. ಮಳೆಯನ್ನು ಬೈದೆ, ಬ್ರೇಕನ್ನು ಬೈದೆ, ರಸ್ತೆಯ ಅಷ್ಟು ಹತ್ತಿರ ಹಲಸು ನೆಟ್ಟವನ ವಂಶವನ್ನೆಲ್ಲ ಬೈದೆ. ಸಾಗರದ ಕಡೆ ಮಾತ್ರ ಹೋಗಲಿಲ್ಲ.

ನೋಡಲು ಬಂದವರು ಬಿಸ್ಕತ್ತಿನ ಪೊಟ್ಟಣ ಹಿಡಿದುಕೊಂಡೇ ಮೊದಲು ಜೀಪಿನ ಹತ್ತಿರ ಹೋಗುತ್ತಿದ್ದರು. ಪಕ್ಕದ ಮನೆಯ ತಿಮ್ಮಪ್ಪಗೌಡರಂತೂ ಗಾರ್ಡನ್ನು ಸವರಿ ಸವರಿ ದಂಗಾದರು.

“ಎಂಥಾ ಗಾರ್ಡು ಮಾರಾಯ್ರೆ. ಸಾಗರದ ಆಚಾರಿ ಮಾಡಿದ್ದಾ?”

ಶಾರದೆ ಪ್ಲಾಸ್ಟರಿನ ಕೈಯನ್ನು ಎದೆಗೆ ಆನಿಸಿಕೊಂಡು ಬಾಗಿಲಲ್ಲಿ ನಿಂತಿದ್ದಳು. ನಾನು ಉಳಿದ ಹಲ್ಲುಗಳೆಲ್ಲ ಕಾಣುವಂತೆ ನಕ್ಕೆ.

“ಅವ ವೆಲ್ಡ್ ಮಾಡಿದ್ದು ಅಷ್ಟೇ ಗೌಡ್ರೆ,” ಎಂದೆ. “ಹೇಳಿ ಮಾಡ್ಸಿದ್ದು ನಾನೇ.”