ಯೂರೋಪಿನ ಮೆಂಬರಿಗೆ ಇಂಟು ಮಾರ್ಕು

ಇಂಗ್ಲೆಂಡು ಇನ್ನೂ ಯೂರೋಪಿನ ಒಕ್ಕೂಟದಲ್ಲಿದ್ದ ಕಾಲದಲ್ಲಿ ಯೂರೋಪಿಯನ್ ಪಾರ್ಲಿಮೆಂಟಿನ ಮೆಂಬರೊಬ್ಬರನ್ನು ಕಾರಲ್ಲಿ ಕೂರಿಸಿಕೊಂಡು ಬರ್ಮಿಂಗ್‌ಹ್ಯಾಮ್ ಸುತ್ತಲಿನ ಕನ್ನಡದ ಮನೆಗಳಿಗೆಲ್ಲ ಓಡಾಡಿಸಿದವನು ನಾನು. ಅವರು ಅಪ್ಪಟ ಇಂಗ್ಲಿಷಿನವರು, ಸಂಭಾವಿತರು. ಮಾತು ತಿರುಗಿಸಿ ಹೇಳುವ ಕೆಲಸ ನನ್ನದು. ಎಡವಟ್ಟಾಗದೆ ಇನ್ನೇನಾದೀತು? ಎಲೆಕ್ಷನ್ನು ಹತ್ತಿರ ಬಂದಿತ್ತು, ಅವರ ಸೀಟು ಬೇರೆ ಅಲ್ಲಾಡುತ್ತಿತ್ತು. ಜನ ಓಟು ಹಾಕುವುದು ಪಾರ್ಟಿಗೆ, ಪಾರ್ಟಿಯ ಪಟ್ಟಿಯಲ್ಲಿ ಇವರು ಮೂರನೆಯವರು. ಓಟು ಸ್ವಲ್ಪ ಕಮ್ಮಿಯಾದರೂ ಮೊದಲಿಬ್ಬರು ಪಾರ್ಲಿಮೆಂಟಿಗೆ, ಇವರು ಮನೆಗೆ. ಇಲ್ಲಿ ಬರೆದದ್ದೆಲ್ಲ ನಿಜ. ಸುಳ್ಳೇನಾದರೂ ಇದ್ದರೆ ಅದು ನಿಜಕ್ಕಿಂತ ಚೆನ್ನಾಗಿತ್ತು ಅಂತ ಸೇರಿಸಿದ್ದು.

ನಿಮ್ಮ ಕೆಲಸ ಯಾವುದು?

ಸಟನ್ ಕೋಲ್ಡ್‌ಫೀಲ್ಡಿನಲ್ಲಿ ಒಂದು ಮನೆಯ ಯುಗಾದಿ ಊಟ. ಯಜಮಾನರು ಬೆಂಗಳೂರಿನ ಇಂಜಿನಿಯರು. ಕಸ ಎತ್ತೋರು ಬಂದೇ ಇಲ್ಲ ಅಂತ ದೂರಿದರು. ಅದು ಕೌನ್ಸಿಲ್ಲಿನ ಕೆಲಸ ಅಂದರು ಮೆಂಬರು. ಜಿಪಿ ಡಾಕ್ಟರ ಅಪಾಯಿಂಟ್‌ಮೆಂಟು? ಅದು ಲಂಡನ್ನಿನ ಸರಕಾರದ್ದು. ಅತ್ತೆಯ ವೀಸಾ? ಅದೂ ಲಂಡನ್ನೇ. ಹಾಗಾದರೆ ನಿಮ್ಮದ್ಯಾವುದು ಅಂದದ್ದಕ್ಕೆ ಪಾಪ, ಹುಡುಕಿ ತಡಕಿ, ಹುಲ್ಲು ಕತ್ತರಿಸೋ ಮೆಷಿನ್ನು ಎಷ್ಟು ಸದ್ದು ಮಾಡಬಹುದು ಅಂತ ಕಾನೂನು ಮಾಡಿದ್ದು ನಾವೇ ಅಂದರು.

ಯಜಮಾನರ ಮುಖ ಅರಳಿತು. ಅರ್ಧ ಊಟದಲ್ಲೇ ಎಬ್ಬಿಸಿ, ಬೆಳಗಾದರೆ ಆ ಮೆಷಿನ್ನು ಗುರುಗುಟ್ಟಿಸುವ ಪಕ್ಕದ ಮನೆ ಬಾಗಿಲಿಗೆ ಕರೆದೊಯ್ದರು. ಬಾಗಿಲು ತೆಗೆದ ಇಂಗ್ಲಿಷ್ ಮುದುಕರು ಮೆಂಬರನ್ನು ಮೇಲಿಂದ ಕೆಳಗೆ ನೋಡಿ ಹೇಳಿದರು: "ಅಂತೂ ಬಂದ್ರಲ್ಲ. ಕಸದ ತೊಟ್ಟಿ ಹಿಂದುಗಡೆ ಇದೆ."

ಬಾಡಿಗೆ ಮನೆ

ವುಲ್ವರ್‌ಹ್ಯಾಂಪ್ಟನ್ನಿನ ಡಾಕ್ಟರೊಬ್ಬರ ತಾಯಿ ಮೈಸೂರಿನಲ್ಲಿ ಪ್ರೈಮರಿ ಸ್ಕೂಲ್ ಟೀಚರಾಗಿ ರಿಟೈರಾಗಿ ಇಲ್ಲೇ ಬಂದು ನೆಲೆಸಿದವರು; ಇಂಡಿಯಾದವರಿಗೂ ಇಲ್ಲಿ ಓಟುಂಟು. ಪಾರ್ಲಿಮೆಂಟು ತಿಂಗಳಿಗೊಮ್ಮೆ ಬ್ರಸೆಲ್ಸಿನಿಂದ ಫೈಲು, ಟ್ರಂಕು ಎಲ್ಲ ಲಾರಿಗೆ ಹೇರಿಕೊಂಡು ಸ್ಟ್ರಾಸ್‌ಬರ್ಗಿಗೆ ಹೋಗುತ್ತೆ, ಆಮೇಲೆ ಎಲ್ಲ ಹೊತ್ತು ವಾಪಸ್ ತರುತ್ತೆ ಅಂತ ಮೆಂಬರು ವಿವರಿಸಿದರು. ನಾನು ಕನ್ನಡದಲ್ಲಿ ಹೇಳಿದೆ. ಟೀಚರಮ್ಮ ನನ್ನ ಕಿವಿಯಲ್ಲಿ, "ಓನರು ಅಷ್ಟು ಕಾಟ ಕೊಡ್ತಾನೇನಪ್ಪಾ?" ಅಂದರು.

ಏನಂತೆ ಅಂತ ಮೆಂಬರು ಕೇಳಿದರು. ಯೂರೋಪಿನ ಭವಿಷ್ಯದ ಬಗ್ಗೆ ಅವರಿಗೆ ಆಳವಾದ ಕಾಳಜಿ ಇದೆ ಅಂದೆ.

ರೈಟೋ ತಪ್ಪೋ

ಈ ದೇಶದಲ್ಲಿ ಓಟು ಹಾಕುವಾಗ ಬೇಕಾದವರ ಮುಂದೆ ಇಂಟು ಮಾರ್ಕು ಹಾಕಬೇಕು. ಅದನ್ನು ತೋರಿಸಲೆಂದೇ ನಮ್ಮ ಕರಪತ್ರದಲ್ಲಿ ಪಾರ್ಟಿ ಹೆಸರಿನ ಮುಂದೆ ದೊಡ್ಡ ಇಂಟು ಅಚ್ಚಾಗಿತ್ತು. ಟೀಚರಮ್ಮನ ಫೋನು ಬಂತು.

"ನಿಮ್ಮ ಸಾಹೇಬರಿಗೆ ತಪ್ಪು ಹಾಕಿದವರು ಯಾರಪ್ಪ?"

ನಾನಾದರೂ ಸುಮ್ಮನಿರಬಾರದೆ? ಇನ್ಯಾರಮ್ಮ, ಎದುರು ಪಾರ್ಟಿಯವರು ಅಂದೆ. "ನೋಡ್ಕೋತೀನಿ" ಅಂತ ಫೋನಿಟ್ಟರು.

ಎಣಿಕೆಯ ದಿನ ಅಧಿಕಾರಿ ಒಂದು ಬ್ಯಾಲೆಟ್ ಪೇಪರನ್ನು ನಮ್ಮ ಮುಂದೆ ಹಿಡಿದರು. ಉಳಿದ ಪಾರ್ಟಿಗಳಿಗೆಲ್ಲ ಒಂದೊಂದು ಇಂಟು. ನಮಗೆ ಉದ್ದ ಬಾಲದ ರೈಟು, ಪಕ್ಕದಲ್ಲಿ ದುಂಡಗೆ ಕನ್ನಡ ಅಕ್ಷರ. ಯಾರ ಕೈಬರಹ ಅಂತ ನೋಡಿದೊಡನೆ ಗೊತ್ತಾಯಿತು. ಒಂದೊಂದು ಓಟಿಗೂ ಬೆವರುತ್ತಿದ್ದ ಮೆಂಬರು ಏನು ಬರೆದಿದೆ ಅಂತ ಕೇಳಿದರು.

"ಪಾಸು ಅಂತಿದೆ ಸಾರ್."

ಅಧಿಕಾರಿ ಅದನ್ನು ಕುಲಗೆಟ್ಟ ಓಟುಗಳ ರಾಶಿಗೆ ಸೇರಿಸಿದರು.

ಹೇಗೋ ಮೂರನೆಯ ಸೀಟು ದಕ್ಕಿತು. ಥ್ಯಾಂಕ್ಸ್ ಹೇಳಲು ಹೋದಾಗ ಟೀಚರಮ್ಮ ಮೆಂಬರ ಕೈಗೆ ಮೈಸೂರ್ ಪಾಕು ಕೊಟ್ಟು, ನನ್ನ ಕಡೆ ತಿರುಗಿದರು.

"ಈ ಸಲ ಏನೋ ನಾನು ಪಾಸು ಮಾಡಿಬಿಟ್ಟೆ. ಮುಂದಿನ ಸಲವಾದ್ರೂ ಓದ್ಕೊಂಡು ಬರೋಕೆ ಹೇಳಪ್ಪ."