ಅರ್ಧ ಧೋತರದ ಧರ್ಮ

ಚನಮಲ್ಲಪ್ಪನ ಮಕ್ಕಳು ಒಂದು ಪೇರಲ ಹಣ್ಣಿಗಾಗಿ ಕುರುಕ್ಷೇತ್ರವನ್ನೇ ಹೂಡುವವರು. ಆ ಸಂಜೆಯೂ ಗಿರಿಮಲ್ಲ ತಂಗಿಯ ಜಡೆ ಹಿಡಿದಿದ್ದ, ತಂಗೆವ್ವ ಅಣ್ಣನ ಕೈ ಕಚ್ಚಿದ್ದಳು, ಹಣ್ಣು ಗಟಾರಕ್ಕೆ ಬಿದ್ದಿತ್ತು.

"ಕೊಡೂ ಬುದ್ಧಿ ಅನ್ನೂದು ಇವಕ್ಕ ಒಂಚೂರೂ ಇಲ್ಲ ನೋಡು!" ಎಂದು ಚನಮಲ್ಲಪ್ಪ ಹೆಂಡತಿಯ ಮುಂದೆ ಗೋಳಾಡಿದ.

"ಎಲ್ಲಿಂದ ಬರಬೇಕ್ರಿ? ಬಾವ್ಯಾಗ ಇದ್ರಲ್ಲಾ ಕೊಡಕ್ಕ ಬರೂದು," ಎಂದಳು ರತ್ನಾಬಾಯಿ ರೊಟ್ಟಿ ಬಡಿಯುತ್ತಲೇ. (ಬನಹಟ್ಟಿಯ ನೂಲಿನ ಅಂಗಡಿಯಲ್ಲಿ ಗುಮಾಸ್ತನಾಗಿದ್ದ ಚನಮಲ್ಲಪ್ಪ ಎಂಜಲು ಕೈಯಲ್ಲಿ ಕಾಗೆ ಓಡಿಸಿದ್ದನ್ನು ಓಣಿಯಲ್ಲಿ ಯಾರೂ ಕಂಡಿರಲಿಲ್ಲ.)

ಹೆಂಡತಿಯ ಮಾತು ಚುಚ್ಚಿತು. ಅವನ ಬಳಿ ಸಂತರ ಕಥೆಗಳ ಪುಸ್ತಕವೊಂದಿತ್ತು. ಬಸ್ಸಿನಲ್ಲಿ ಕ್ರೈಸ್ತ ಸಿಸ್ಟರೊಬ್ಬರು ಪುಕ್ಕಟೆ ಕೊಟ್ಟದ್ದು; ಪುಕ್ಕಟೆಯಾದ್ದರಿಂದ ಪೂರ್ತಿ ಓದಿದ್ದ. ಮಕ್ಕಳನ್ನು ಕೂರಿಸಿಕೊಂಡು ಸಂತ ಮಾರ್ಟಿನನ ಕಥೆ ಹೇಳಿದ. ಕುದುರೆಯ ಮೇಲೆ ಸಿಪಾಯಿ ಮಾರ್ಟಿನ್, ಕೊರೆಯುವ ಚಳಿ, ಊರಬಾಗಿಲಲ್ಲಿ ನಡುಗುವ ಭಿಕ್ಷುಕ. ಮಾರ್ಟಿನ್ ಖಡ್ಗ ಹಿರಿದು ತನ್ನ ಹೊದಿಕೆಯನ್ನೇ ಸೀಳಿ ಅರ್ಧ ಅವನಿಗೆ ಕೊಟ್ಟುಬಿಟ್ಟ.

"ಪೂರ್ತಿ ಯಾಕ ಕೊಡಲಿಲ್ಲಪ್ಪಾ?" ಗಿರಿಮಲ್ಲ ಕೇಳಿದ.

"ಪೂರ್ತಿ ಕೊಟ್ಟು ತಾ ಥಂಡ್ಯಾಗ ಸಾಯಬೇಕೇನಲೇ? ಅರ್ಧಾ ಕೊಟ್ಟಾ, ಅರ್ಧಾ ಉಳಿಸಿದಾ, ಮ್ಯಾಲ ಸಂತನೂ ಆದಾ! ಇದಕ್ಕ ಅಂತಾರ ಶಾಣ್ಯಾತನ."

ಮಕ್ಕಳು ಕಣ್ಣರಳಿಸಿ ಕೇಳಿದವು.

ಮರುದಿನ ಜಮಖಂಡಿಯಲ್ಲಿ ಅವನ ತಂಗಿಯ ಮಗಳ ನಿಶ್ಚಯ. ಬೀಗರ ಮುಂದೆ ಸೋದರಮಾವನ ಮರ್ಯಾದೆ ಉಳಿಯಬೇಕಲ್ಲ! ಎದೆ ಗಟ್ಟಿ ಮಾಡಿಕೊಂಡು ಹೊಸ ಧೋತರ ಕೊಂಡಿದ್ದ. ಮದುವೆಯಲ್ಲಿ ಮಾವ ಕೊಟ್ಟ ಉಣ್ಣೆಯ ಕೋಟನ್ನೂ ಬಿಸಿಲು ತೋರಿಸಿ ಇಟ್ಟಿದ್ದ. ಬೆಳಿಗ್ಗೆ ಜಳಕ ಮಾಡಿ, ಟವೆಲ್ ಸುತ್ತಿಕೊಂಡು ಬಂದು ಧೋತರ ಉಡಹೋದರೆ ಅದು ಒಂದೇ ಸುತ್ತಿಗೆ ಮುಗಿದುಹೋಯಿತು. ಕಚ್ಚೆಗೆ ಬಟ್ಟೆಯೇ ಇಲ್ಲ.

"ಅಯ್ಯಯ್ಯ! ಧೋತರ ಯಾಕ ಗಿಡ್ಡಾತು?"

"ಅರ್ಧಾ ಅಮಸಿದ್ದಪ್ಪಜ್ಜಗ ಕೊಟ್ವಿ," ತಂಗೆವ್ವ ಗತ್ತಿನಿಂದ ಹೇಳಿದಳು. "ಎದುರಿನ ಕಟ್ಟಿಮ್ಯಾಗ ಕುಂತು ಗಡಗಡ ನಡಗಾಕತ್ತಿದ್ದ."

"ಜೋಡಿ ಅಂತ ತಿಳದ್ವಿಪ್ಪಾ," ಬಾಗಿಲ ಸಂದಿಯಿಂದ ಗಿರಿಮಲ್ಲ. "ಮಗ್ಗದಿಂದ ಎರಡು ಧೋತರ ಕೂಡೇ ಬರತಾವಲ್ಲ, ನಡುವ ಕತ್ತರಸ್ತಾರಲ್ಲ..."

ನೇಕಾರರ ಊರಿನ ಮಕ್ಕಳ ಲೆಕ್ಕ ತಪ್ಪಲ್ಲ. ಆದರೆ ಚನಮಲ್ಲಪ್ಪ ಉಳಿತಾಯ ಮಾಡಲು ಹೋಗಿ, ಜೋಡಿಯನ್ನು ಅಂಗಡಿಯಲ್ಲೇ ಕತ್ತರಿಸಿ ಒಂದನ್ನಷ್ಟೇ ತಂದಿದ್ದ.

ಹೊಡೆಯಲು ಕೈ ಎತ್ತಿದ್ದ, ಅಷ್ಟರಲ್ಲಿ ಓಣಿಯ ಮುದಿ ಭಿಕ್ಷುಕ ಅಮಸಿದ್ದಪ್ಪನೇ ಬಾಗಿಲಿಗೆ ಬಂದ. ಹಿಂದೆ ಅರ್ಧ ಓಣಿ.

"ಸಾಹುಕಾರ್ರ, ಇದೆಂಥಾ ದಾನಾರಿ? ತಲಿಗೆ ಸುತ್ತಿದ್ರ ರುಮಾಲಾಗಂಗಿಲ್ಲ, ನಡಕ್ಕ ಸುತ್ತಿದ್ರ ಕಚ್ಚಿ ಸಾಲಂಗಿಲ್ಲ. ಮಂದ್ಯಾಗ ಹ್ಯಾಂಗ ಅಡ್ಡಾಡ್ಲಿ? ಇನ್ನರ್ಧಾನೂ ಕೊಡ್ರಿ, ಹೊಲಸ್ಕೋತೇನಿ."

"ಕೊಟ್ಟಬಿಡ್ರಿ," ರತ್ನಾಬಾಯಿ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. "ಅರ್ಧಾ ಇಟ್ಕೊಂಡು ನೀವರೆ ಏನ್ ಮಾಡ್ತೀರಿ?"

ಟವೆಲ್ಲಿನಲ್ಲಿ ನಿಂತು ಓಣಿಯ ಮುಂದೆ ವಾದಿಸುವುದು ಹೇಗೆ? ಕೊಟ್ಟ.

ಹಳೆಯ ಧೋತರದ ತೇಪೆಯನ್ನು ಕೋಟಿನ ಮರೆಯಲ್ಲಿಟ್ಟುಕೊಂಡು ಜಮಖಂಡಿಗೆ ಹೋದ. ಊಟಕ್ಕೆ ಕೂತಾಗಲೂ ಕೋಟು ಬಿಚ್ಚಲಿಲ್ಲ. ಬೀಗರು ಕೋಟನ್ನು ಹೊಗಳಿದರು, ಮಾನ ಉಳಿಯಿತು. ಸಂಜೆ ಮನೆಗೆ ಬಂದು ಅದನ್ನು ಗೂಟಕ್ಕೆ ಹಾಕಿ, ಹಿತ್ತಲಿಗೆ ಹೋಗಿ ಕೈಕಾಲು ತೊಳೆದು, ಚಹಾ ಕುಡಿಯುತ್ತ ಕುಳಿತ.

"ಅಪ್ಪಾ, ಮಾರ್ಟಿನ್ ಅರ್ಧಾ ಕೊಟ್ಟಾ, ನೀ ಪೂರ್ತಿ ಕೊಟ್ಟಿ," ಎಂದ ಗಿರಿಮಲ್ಲ. "ಹಂಗಾರ ನೀ ಅವಗಿಂತ ದೊಡ್ಡಾಂವ, ಹೌದಿಲ್ಲೊ?"

ಆ ದಿನ ಮೊದಲ ಬಾರಿಗೆ ಚನಮಲ್ಲಪ್ಪನ ಎದೆ ಉಬ್ಬಿತು. "ಹೌದಲೇ ಮತ್ತ! ಕೊಟ್ರ ಪೂರ್ತಿ ಕೊಡಬೇಕು. ಅರ್ಧಾ ಕೊಡೂದೂ ಒಂದು ಕೊಡೂದೇನು?"

ತಂಗೆವ್ವ ಚಪ್ಪಾಳೆ ತಟ್ಟಿದಳು. "ನೋಡೋ ಅಣ್ಣಾ, ಕತ್ತರಿ ಹಚ್ಚದ ಕೊಟ್ಟಿದ್ದ ಛಲೋ ಆತು!"

ಚನಮಲ್ಲಪ್ಪ ಗೂಟದ ಕಡೆ ನೋಡಿದ. ಗೂಟ ಬೋಳಾಗಿತ್ತು. ಎದುರಿನ ಕಟ್ಟೆಯಿಂದ ಅಮಸಿದ್ದಪ್ಪನ ದನಿ ಬಂತು:

"ಸಾಹುಕಾರ್ರ, ಕೋಟಿನ ಗುಂಡಿ ಒಂದು ಕಿತ್ತೈತಿ ನೋಡ್ರಿ. ಹಚ್ಚಿಸಿ ಕೊಡ್ತೀರೇನು?"