ತೂಕದಣ್ಣ ಕಾರು ತೂಗಿದ್ದು

ರಗಳೆ ಶುರುವಾದದ್ದು ಅಂಗೈಯಗಲದ ಒಂದು ಚೀಟಿಯಿಂದ. 'ಈ ಮನೆಯವರಿಗೆ ಕಾರು ನಿಲ್ಲಿಸಲು ಖಾಲಿ ಜಾಗವಿದೆ' ಎಂದು ಅಪಾರ್ಟ್‌ಮೆಂಟಿನ ಸೆಕ್ರೆಟರಿ ಸಹಿ ಹಾಕಿ, ಸೀಲು ಒತ್ತಿ ಕೊಡಬೇಕಾದ ಚೀಟಿ. ಅದನ್ನು ಕೊಟ್ಟು, ಜಾಗವನ್ನೂ ಕಣ್ಣಾರೆ ತೋರಿಸಿದರೆ ಮಾತ್ರ ಶೋರೂಮಿನವರು ಹೊಸ ಕಾರಿನ ಕೀಲಿ ಕೊಡುತ್ತಿದ್ದರು. ಇವತ್ತು ಸಂಜೆ ಏಳರೊಳಗೆ ತೋರಿಸದಿದ್ದರೆ ಕಾರು ಸರದಿಯಲ್ಲಿದ್ದ ಮುಂದಿನವರ ಪಾಲು. ಆ ಕಾರಿಗಾಗಿ ತೂಕದಣ್ಣ ಒಂಬತ್ತು ತಿಂಗಳು ಕಾದಿದ್ದ. "ನಮ್ಮ ಮಗಳಿಗೂ ಇಷ್ಟೇ ಕಾದಿದ್ದು" ಎಂದು ಹೆಂಡತಿ ಛೇಡಿಸುತ್ತಿದ್ದಳು.

ಆ ಕಟ್ಟಡದಲ್ಲಿ ಮನೆಗೊಂದೇ ಕಾರು. ತೂಕದಣ್ಣನ ಜಾಗದಲ್ಲಿ ಆಗಲೇ ಒಂದು ನಿಂತಿತ್ತು. ಹನ್ನೊಂದು ವರ್ಷದ ಹಳೆಯದು, ಬೂದು ಬಣ್ಣದ್ದು. ಅದು ಹೋಗುವ ತನಕ ಚೀಟಿ ಇಲ್ಲ, ಚೀಟಿ ಬರುವ ತನಕ ಹೊಸ ಕಾರಿಲ್ಲ. ಅದೋ, ಹೋಗುವ ಲಕ್ಷಣವೇ ಕಾಣುತ್ತಿರಲಿಲ್ಲ.

ತಪ್ಪು ಕಾರಿನದಲ್ಲ, ತೂಕದಣ್ಣನ ನಾಲಿಗೆಯದು. ಅವನು ತೂಕ ಮತ್ತು ಅಳತೆ ಇಲಾಖೆಯ ಪರಿವೀಕ್ಷಕ. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ಪರೀಕ್ಷಿಸಿ ಮುದ್ರೆ ಒತ್ತುವುದೇ ಇಪ್ಪತ್ತು ವರ್ಷದ ಕಸುಬು. ಸುಳ್ಳಿನ ಮಾತು ಹಾಗಿರಲಿ, 'ಸುಮಾರು' ಎಂಬ ಮಾತೂ ಅವನ ಬಾಯಿಂದ ಹೊರಡುತ್ತಿರಲಿಲ್ಲ. ಗಂಟೆ ಎಷ್ಟೆಂದು ಕೇಳಿದರೆ, "ಒಂಬತ್ತು ಹದಿನೇಳು, ಆದರೆ ನನ್ನ ಗಡಿಯಾರ ನಲವತ್ತು ಸೆಕೆಂಡು ಮುಂದಿದೆ" ಎನ್ನುವ ಆಸಾಮಿ. ಇಂಥವನು ಬರೆದ ಜಾಹೀರಾತು ಹೇಗಿರಬೇಕು? 'ಕಾರು ಮಾರಾಟಕ್ಕಿದೆ. ಹಿಂದಿನ ಎಡ ಬಾಗಿಲು ಸುಲಭಕ್ಕೆ ತೆರೆಯುವುದಿಲ್ಲ. ತೆರೆದರೆ ಸುಲಭಕ್ಕೆ ಮುಚ್ಚುವುದಿಲ್ಲ.' ಮೂರು ವಾರದಲ್ಲಿ ಬಂದದ್ದು ಒಂದೇ ಕರೆ, ಅದೂ ಗುಜರಿಯವನದು.

"ಆ ಡಬ್ಬನ ಯಾರು ತಗೋತಾರೆ ಅಳಿಯಂದಿರೇ?" ಎಂದರು ಮಾವ, ಕಿವಿಯಿಂದ ಒಂದು ಇಯರ್‌ಫೋನ್ ಮಾತ್ರ ತೆಗೆದು. ತಮ್ಮದೇ ಹೆಸರಿನ ಆ ಮನೆಯಲ್ಲಿ ಮಗಳು ಅಳಿಯನ ಜತೆಗಿದ್ದ ಮಾವನಿಗೆ ಕಾರು ಓಡಿಸಲು ಬಾರದು. ಆದರೆ ಬೆಳಗಿನಿಂದ ಸಂಜೆಯ ತನಕ ಫೋನಿನಲ್ಲಿ ಕಾರಿನ ವಿಮರ್ಶೆ ನೋಡುತ್ತಿದ್ದರು. ಅದರಲ್ಲೂ ಸ್ಟಿಯರಿಂಗ್ ಶೂರ ಎಂದರೆ ಅವರಿಗೆ ಪ್ರಾಣ. ಕಪ್ಪು ಕನ್ನಡಕ ಹಾಕಿಕೊಂಡು, ಬೆಟ್ಟದ ತಿರುವಿನಲ್ಲಿ ಕಾರು ಹಾರಿಸುತ್ತ "ಸ್ನೇಹಿತರೇ, ಇದು ಕಾರಲ್ಲ, ಚಿರತೆ!" ಎಂದು ಅರಚುವ ಆತನ ಮಾತಿಗೆ ಮೇಲ್ಮಾತಿರಲಿಲ್ಲ. ಹೊಸ ಕಾರನ್ನು ಆರಿಸಿದ್ದೂ ಆ ಶೂರನ ವಿಡಿಯೊ ನೋಡಿಯೇ.

ಎದುರು ಮನೆಯ ಟ್ಯೂಷನ್ ಟೀಚರಮ್ಮ ಬಾಗಿಲಲ್ಲೇ ನಿಂತು ಇದನ್ನೆಲ್ಲ ಕೇಳಿಸಿಕೊಂಡಿದ್ದರು. ಬೇರೆಯವರ ಸಮಸ್ಯೆ ಎಂದರೆ ಆಕೆಗೆ ರಜೆಯ ದಿನದ ಸಿನಿಮಾ.

"ಅಣ್ಣಾ, ಈಗ ಯಾರಾದ್ರೂ ಕಾರು ನೋಡಿ ಕಾರು ತಗೋತಾರಾ? ವಿಡಿಯೊ ನೋಡಿ ತಗೋತಾರೆ. ನೀವೇ ಒಂದು ವಿಮರ್ಶೆ ಮಾಡಿ. ನಾನು ಶೂಟ್ ಮಾಡ್ತೀನಿ, ನನ್ನ ಪಾಠದ ಚಾನೆಲ್ಲಿಗೇ ಹಾಕ್ತೀನಿ."

"ನನಗೆ ಚಿರತೆ ಗಿರತೆ ಅನ್ನೋಕೆ ಬರಲ್ಲಮ್ಮ."

"ನಿಮಗೆ ಏನು ಬರುತ್ತೋ ಅದನ್ನೇ ಹೇಳಿ."

ಟೀಚರಮ್ಮ ಬಾಯಿತಪ್ಪಿ ಆಡಿದ ಮಾತಿದು. ತೂಕದಣ್ಣ ಒಳಗೆ ಹೋಗಿ ಇಲಾಖೆಯ ಪೆಟ್ಟಿಗೆ ತಂದ. ಅದರಲ್ಲಿ ಸ್ಪ್ರಿಂಗ್ ತಕ್ಕಡಿ, ಉಕ್ಕಿನ ಟೇಪು, ಉಷ್ಣಮಾಪಕ, ಎಲ್ಲ ಇದ್ದವು. ಎಲ್ಲದಕ್ಕೂ ಅದೇ ವರ್ಷದ ಮುದ್ರೆ.

ಒಂಬತ್ತೂವರೆಗೆ ವಿಮರ್ಶೆ ಶುರುವಾಯಿತು. ತೂಕದಣ್ಣ ಕೆಮ್ಮಿ ಗಂಟಲು ಸರಿಮಾಡಿಕೊಂಡು, ತಕ್ಕಡಿಯ ಕೊಕ್ಕೆಯನ್ನು ಬಾಗಿಲ ಹಿಡಿಗೆ ಸಿಕ್ಕಿಸಿ ಎಳೆದ. "ಹಿಂದಿನ ಎಡ ಬಾಗಿಲು. ತೆಗೆಯೋಕೆ ಬೇಕಾದ ಎಳೆತ ಹದಿನಾಲ್ಕು ಕಿಲೋ ಇನ್ನೂರು ಗ್ರಾಂ. ಮಕ್ಕಳ ಕೈಲಿ ಆಗಲ್ಲ." ಹಾರನ್ ಒತ್ತಿಸಿ ಹೆಜ್ಜೆ ಎಣಿಸುತ್ತ ಹಿಂದೆ ಸರಿದ. "ಇಪ್ಪತ್ತೆರಡು ಹೆಜ್ಜೆವರೆಗೆ ಕೇಳುತ್ತೆ. ಇಪ್ಪತ್ಮೂರನೇ ಹೆಜ್ಜೇಲಿರೋರು ಅವರ ಜೋಪಾನ ಅವರು ನೋಡ್ಕೋಬೇಕು." ಎ.ಸಿ. ಹಾಕಿ ನಲವತ್ತು ನಿಮಿಷ ಕಾದ. "ಮೂವತ್ನಾಲ್ಕಿತ್ತು, ಮೂವತ್ಮೂರಾಗಿದೆ. ಆ ಒಂದು ಡಿಗ್ರಿ ಕೂಡ ಮೋಡ ಬಂದು ಇಳಿದಿರಬಹುದು."

ಆಮೇಲೆ ಬಂಪರಿನ ಪಕ್ಕ ಕುಕ್ಕರಗಾಲಲ್ಲಿ ಕೂತ. "ಬಲಗಡೆ ಈ ತಗ್ಗು ಹತ್ತೊಂಬತ್ತು ಸೆಂಟಿಮೀಟರ್ ಉದ್ದ, ನೆಲದಿಂದ ಐವತ್ಮೂರು ಎತ್ತರ. ಪಕ್ಕದಲ್ಲಿರೋ ನಮ್ಮ ಸೆಕ್ರೆಟರಿಯವರ ಕಾರಿನ ಬಂಪರಿನ ಮೂಲೆಯೂ ನೆಲದಿಂದ ಐವತ್ಮೂರು. ಅವರೇ ಗುದ್ದಿದ್ದು ಅಂತ ನಾನು ಹೇಳಲ್ಲ, ಟೇಪು ಹೇಳುತ್ತೆ."

ಕೊನೆಗೆ ಹಿಂದಿನ ಸೀಟು. "ಇದರ ಸ್ಪ್ರಿಂಗ್ ಗಟ್ಟಿ. ನನ್ನ ಹೆಂಡತಿ ಎಪ್ಪತ್ತೆಂಟು ಕಿಲೋ ನಾನೂರು ಗ್ರಾಂ, ಹೋದ ಭಾನುವಾರ ನಾನೇ ತೂಗಿದ್ದು. ಅವಳು ಕೂತರೂ ನಾಲ್ಕು ಸೆಂಟಿಮೀಟರಿಗಿಂತ ಹೆಚ್ಚು ಕುಗ್ಗಲ್ಲ. ಈ ಕಾರು ಹನ್ನೊಂದು ವರ್ಷದಲ್ಲಿ ಒಂದು ದಿನವೂ ನಮ್ಮನ್ನ ದಾರೀಲಿ ಬಿಟ್ಟಿಲ್ಲ. ಇಷ್ಟೇ."

ಮಾವ ಹೊರಗೆ ತಲೆ ಹಾಕಿಯೂ ನೋಡಲಿಲ್ಲ. ಒಳಗೆ ಬೇರೊಂದು ಚಿರತೆ ಓಡುತ್ತಿತ್ತು.

ಹನ್ನೊಂದಕ್ಕೆ ವಿಡಿಯೊ ಲೋಕಕ್ಕೆ ಹೋಯಿತು. ಹನ್ನೊಂದೂಕಾಲಿಗೆ ಹೆಂಡತಿಯ ಅಕ್ಕ ಫೋನ್ ಮಾಡಿದಳು. ಹನ್ನೊಂದೂವರೆಗೆ ಹೆಂಡತಿ ರೂಮಿನ ಚಿಲಕ ಹಾಕಿಕೊಂಡಳು.

"ಊರಿಗೆಲ್ಲ ಡಂಗುರ ಹೊಡೆಯೋಕೆ ನನ್ನ ತೂಕವೇ ಬೇಕಿತ್ತಾ ನಿಮಗೆ?" ಎಂದಳು ಒಳಗಿನಿಂದಲೇ.

"ಸೀಟಿನ ಗಟ್ಟಿತನ ಹೇಳೋಕೆ ಒಂದು ತೂಕ ಬೇಕಾಗುತ್ತಲ್ಲೇ..."

"ನಿಮ್ಮ ತೂಕ ಹೇಳ್ಬಹುದಿತ್ತು!"

"ನಾನು ಮುಂದೆ ಕೂರೋದು ಕಣೇ."

ಒಳಗೆ ಏನೋ ಬಾಗಿಲಿಗೆ ಬಡಿದ ಸದ್ದಾಯಿತು. ಸದ್ದಿನ ಮೇಲೆ ಅದು ಅವನದೇ ಚಪ್ಪಲಿ ಎಂದು ತೂಕದಣ್ಣ ಅಂದಾಜು ಮಾಡಿದ.

ಅಷ್ಟರಲ್ಲಿ ಸೆಕ್ರೆಟರಿ ಮೆಟ್ಟಿಲು ಹತ್ತಿ ಬಂದರು. ಮುಖ ಕೆಂಡವಾಗಿತ್ತು. "ಏನ್ರೀ ಸಾರ್, ಮೂರು ವರ್ಷದ ಹಿಂದಿನದನ್ನ ಈಗ ಕೆದಕ್ತಾ ಇದ್ದೀರಾ? ಚೀಟಿಗೆ ನನ್ನ ಹತ್ರ ಬರ್ತೀರಲ್ಲ, ಬನ್ನಿ, ನೋಡ್ಕೋತೀನಿ!"

ತೂಕದಣ್ಣ ಸೋಫಾದ ಮೇಲೆ ಕುಸಿದ. ಹೆಂಡತಿ ಹೋದಳು, ಚೀಟಿ ಹೋಯಿತು, ಕಾರು ಮಾತ್ರ ಹೋಗಲಿಲ್ಲ. ಅವನಿಗೆ ನಿಜವಾಗಿಯೂ ಅಳು ಬಂತು.

ಒಂದು ಗಂಟೆಗೆ ಟೀಚರಮ್ಮ ಕಾಲಿಂಗ್ ಬೆಲ್ ಒತ್ತುವುದನ್ನೂ ಮರೆತು ನುಗ್ಗಿದರು. "ಅಣ್ಣಾ! ಸ್ಟಿಯರಿಂಗ್ ಶೂರ ನಿಮ್ಮ ವಿಡಿಯೊ ಶೇರ್ ಮಾಡಿದಾನೆ! 'ಸ್ನೇಹಿತರೇ, ವಿಮರ್ಶೆ ಅಂದ್ರೆ ಇದು, ನಾನು ಕಲಿಯೋದಿದೆ' ಅಂತ ಬರೆದಿದಾನೆ! ಎರಡು ಲಕ್ಷ ಜನ ನೋಡಿಯಾಯ್ತು!"

ಕೆಳಗೆ ಕಮೆಂಟುಗಳು ಹುತ್ತದ ಇರುವೆಗಳ ಹಾಗೆ ಹೊರಬರುತ್ತಿದ್ದವು. ಎಲ್ಲಕ್ಕಿಂತ ಮೇಲಿದ್ದ ಕಮೆಂಟಿಗೆ ಒಂಬತ್ತು ಸಾವಿರ ಜನ ಹೌದೆಂದಿದ್ದರು: 'ಹೆಂಡತಿಯ ತೂಕವನ್ನು ಗ್ರಾಂ ಸಮೇತ ನಿಜ ಹೇಳಿದ ಗಂಡಸು ಕಾರಿನ ಬಗ್ಗೆ ಸುಳ್ಳು ಹೇಳುತ್ತಾನೆಯೇ?'

ಟೀಚರಮ್ಮ ಅದನ್ನು ರೂಮಿನ ಬಾಗಿಲಿಗೆ ಬಾಯಿಟ್ಟು ಗಟ್ಟಿಯಾಗಿ ಓದಿದರು. ಅದರ ಕೆಳಗಿನದನ್ನೂ ಓದಿದರು: 'ವಿಡಿಯೊದಲ್ಲಿ ಹಿಂದೆ ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುತ್ತಿರುವವರೇ ಅವರಾದರೆ, ಅಷ್ಟು ತೂಕದವರಂತೆ ಕಾಣುವುದೇ ಇಲ್ಲ.' ಚಿಲಕ ಮೆಲ್ಲಗೆ ಜಾರಿತು.

"ಎಲ್ಲಿ, ಅದನ್ನ ಇನ್ನೊಂದ್ಸಲ ತೋರಿಸಿ?" ಎಂದು ಹೆಂಡತಿ ಹೊರಗೆ ಬಂದಳು.

ಎರಡು ಗಂಟೆಗೆ ಸೆಕ್ರೆಟರಿ ಮತ್ತೆ ಬಂದರು. ಈ ಸಲ ಮುಖ ತೊಳೆದಿಟ್ಟ ತಟ್ಟೆಯಂತಿತ್ತು. "ಸಾರ್, 'ಸೆಕ್ರೆಟರಿ ಒಪ್ಪಿಕೊಳ್ಳಲಿ' ಅಂತ ಸಾವಿರಾರು ಜನ ಬರೀತಿದಾರೆ. ನಮ್ಮ ಬೀಗರೂ ಬರೆದಿದಾರೆ. ಗುದ್ದಿದ್ದು ನಾನೇ, ಕ್ಷಮಿಸಿಬಿಡಿ. ಜಾಗ ಖಾಲಿಯಾದ ನಿಮಿಷಕ್ಕೆ ಚೀಟಿ ನಿಮ್ಮ ಕೈಲಿರುತ್ತೆ. ನಾನು ಒಪ್ಕೊಂಡೆ ಅಂತ ಒಂದು ಸಾಲು ಹಾಕಿಬಿಡಿ ಸಾರ್."

ತೂಕದಣ್ಣ ಕಾಲ ಮೇಲೆ ಕಾಲು ಹಾಕಿ ಕೂತ. ಇಪ್ಪತ್ತು ವರ್ಷ ತಕ್ಕಡಿಗೆ ಮುದ್ರೆ ಒತ್ತಿದವನಿಗೆ ಇವತ್ತು ಲೋಕವೇ ಮುದ್ರೆ ಒತ್ತಿತ್ತು. ಎದೆ ಉಬ್ಬಿತು. ಫೋನು ಬಿಸಿಯಾಗುವಷ್ಟು ಕರೆಗಳು ಬಂದವು. ಒಬ್ಬ ಕಾರು ಬೇಕೆಂದ, ಇನ್ನೊಬ್ಬ ಬಾಗಿಲಷ್ಟೇ ಸಾಕೆಂದ, ಮತ್ತೊಬ್ಬ ತನ್ನ ಹೆಂಡತಿಯ ಎದುರು ತನ್ನ ಕಾರನ್ನೂ ಹೀಗೇ ಅಳೆದು ಕೊಡಬೇಕೆಂದ.

ಮಾವ ರೂಮಿನಿಂದ ಬಂದರು. ಎರಡೂ ಕಿವಿ ಖಾಲಿಯಿದ್ದವು. ಹನ್ನೊಂದು ವರ್ಷದಿಂದ ದಿನಾ ಕಂಡ ಕಾರಿನ ಬಗ್ಗೆ, ಪರಸ್ಥಳದವರ ಹಾಗೆ ಕೇಳಿದರು. "ಅಳಿಯಂದಿರೇ, ಆ ಸೀಟಿನ ಸ್ಪ್ರಿಂಗ್ ನಿಜವಾಗ್ಲೂ ನಾಲ್ಕೇ ಸೆಂಟಿಮೀಟರಾ?"

"ನಾಲ್ಕೇ ಮಾವ."

"ಒಂದು ದಿನವೂ ದಾರೀಲಿ ಬಿಟ್ಟಿಲ್ವಾ?"

"ಬಿಟ್ಟಿಲ್ಲ. ನಿಮಗೇ ಎಷ್ಟು ಸಲ ಹೇಳಿದ್ದೆ!"

"ನೀವು ಹೇಳೋದು ಬೇರೆ, ವಿಡಿಯೊದಲ್ಲಿ ಬರೋದು ಬೇರೆ" ಎಂದು ಮಾವ ಚಪ್ಪಲಿ ಮೆಟ್ಟಿ, ಗಾಳಿಗೆಂದು ಹೊರಟರು.

ನಾಲ್ಕು ಗಂಟೆ ಎಂಟು ನಿಮಿಷಕ್ಕೆ ಬಿಳಿ ಮೀಸೆಯ ಒಬ್ಬರು ಬಂದರು. "ಕೊಳ್ಳೋರು ನಾನಲ್ಲ, ನನ್ನ ಸ್ನೇಹಿತರು. ಹೆಸರು ಈಗಲೇ ಬೇಡ ಅಂದಿದಾರೆ. ಚೌಕಾಸಿನೂ ಮಾಡಬೇಡ ಅಂದಿದಾರೆ. ಕಾರು ಈಗಲೇ ತಗೊಂಡು ಹೋಗ್ತೀನಿ" ಎಂದು, ಕೇಳಿದಷ್ಟನ್ನೂ ಲಕೋಟೆಯಲ್ಲಿ ಹಾಕಿ ಮೇಜಿನ ಮೇಲಿಟ್ಟರು.

ಅವರು ತಂದಿದ್ದ ಮಾರಾಟದ ಕಾಗದದಲ್ಲಿ ಕೊಳ್ಳುವವರ ಹೆಸರಿನ ಜಾಗ ಖಾಲಿಯಿತ್ತು. ಬೇರೆ ದಿನವಾಗಿದ್ದರೆ ತೂಕದಣ್ಣ ಅಂಥ ಕಾಗದವನ್ನು ಮುಟ್ಟುತ್ತಲೂ ಇರಲಿಲ್ಲ. ಆದರೆ ಗಡಿಯಾರ ಓಡುತ್ತಿತ್ತು, ತಲೆಗೆ ಮೂರು ಲಕ್ಷ ಜನರ ಹೊಗಳಿಕೆ ಏರಿತ್ತು. ಜೀವಮಾನದಲ್ಲಿ ಮೊದಲ ಸಲ, ತುಂಬದ ಕಾಗದಕ್ಕೆ ಸಹಿ ಹಾಕಿದ. ಬೂದು ಕಾರು ಗೇಟು ದಾಟಿತು. ಸೆಕ್ರೆಟರಿ ಸೀಲು ಒತ್ತಿದರು. ಅದನ್ನು ನೋಡಿ ತೂಕದಣ್ಣನಿಗೆ ಮದುವೆಯ ದಿನ ಆದಷ್ಟೇ ಸಂತೋಷವಾಯಿತು.

ಆರೂವರೆಗೆ ಹೊಸ ಕಾರು ಗೇಟಿನೊಳಗೆ ಬಂತು. ಕೆಂಪು ಬಣ್ಣ, ಕನ್ನಡಿಯ ಹೊಳಪು. ಓಡಿಸುತ್ತಿದ್ದವನು ಶೋರೂಮಿನವನು. ಜಾಗ ನೋಡಿ ಫೋಟೊ ತೆಗೆದ ಮೇಲೇ ಅವನು ಕೀಲಿ ಕೊಡುವುದು. ಪಕ್ಕದಲ್ಲಿ ತೂಕದಣ್ಣ, ಹಿಂದೆ ಹೆಂಡತಿ. ಎರಡೂ ಕಡೆ ನೆರೆಹೊರೆಯವರು ನಿಂತಿದ್ದರು, ಟೀಚರಮ್ಮ ಫೋನು ಎತ್ತಿ ಹಿಡಿದಿದ್ದರು. ತೂಕದಣ್ಣ ಕಿಟಕಿ ಇಳಿಸಿ ಕೈ ಬೀಸಿದ.

"ಎಲ್ಲಿ ಸಾರ್ ನಿಮ್ಮ ಜಾಗ?" ಎಂದ ಶೋರೂಮಿನವನು.

"ಅಲ್ಲೇ, ಮೂಲೆಯ..." ತೂಕದಣ್ಣನ ಕೈ ಅರ್ಧಕ್ಕೆ ನಿಂತಿತು.

ಮೂಲೆಯ ಜಾಗದಲ್ಲಿ ಬೂದು ಕಾರು ನಿಂತಿತ್ತು. ತೊಳೆದು ಒರೆಸಿ ಲಕಲಕ ಮಾಡಿದ್ದರು. ಹಿಂದಿನ ಸೀಟಿನಲ್ಲಿ ಮಾವ, ನಾಲ್ಕು ಸೆಂಟಿಮೀಟರ್ ಕೂಡ ಕುಗ್ಗದೆ, ನೆಟ್ಟಗೆ ಕೂತಿದ್ದರು. ಪಕ್ಕದಲ್ಲಿ ಬಿಳಿ ಮೀಸೆಯವರು ನಿಂತಿದ್ದರು.

ಗಂಡ ಹೆಂಡತಿ ಇಬ್ಬರೂ ಕೆಂಪು ಕಾರಿನಿಂದ ಇಳಿದರು. "ಮಾವಾ! ನೀವಾ ತಗೊಂಡಿದ್ದು?"

"ಮತ್ತೆ? ಮೂರು ಲಕ್ಷ ಜನ ಕಣ್ಣು ಹಾಕಿದ್ರು. ಅವರಿಗೆ ಬಿಟ್ಟುಕೊಡೋಕಾಗುತ್ತಾ? ಈ ನನ್ನ ಸ್ನೇಹಿತನ್ನ ಕಳಿಸಿದೆ."

"ನನಗೇ ಒಂದು ಮಾತು ಹೇಳಬಾರದಿತ್ತಾ?"

"ನನಗೆ ಅಂತ ಗೊತ್ತಾಗಿದ್ರೆ ಮಾರ್ತಾ ಇದ್ರಾ?"

ತೂಕದಣ್ಣ ಸುಳ್ಳು ಹೇಳುವವನಲ್ಲ. "ಇಲ್ಲ" ಎಂದ.

"ಡಬ್ಬ ಅಂತಿದ್ರಲ್ಲ ಅಪ್ಪಾ?" ಎಂದಳು ಹೆಂಡತಿ.

"ವಿಡಿಯೊ ನೋಡೋ ಮುಂಚಿನ ಮಾತದು."

"ಈ ಹೊಸ ಕಾರನ್ನೂ ಸ್ಟಿಯರಿಂಗ್ ಶೂರ ಚಿರತೆ ಅಂದಿದಾನಲ್ಲ ಮಾವ! ಅವನ ಮಾತು ನಂಬಲ್ವಾ?"

"ಆ ವಿಡಿಯೊದ ಕೆಳಗೆ ಸಣ್ಣ ಅಕ್ಷರದಲ್ಲಿ 'ಪ್ರಾಯೋಜಿತ' ಅಂತಿತ್ತು, ಇವತ್ತು ನೋಡ್ದೆ. ನಿಮ್ಮದರ ಕೆಳಗೂ ಭೂತಗನ್ನಡಿ ಹಿಡಿದು ಹುಡುಕಿದೆ ಅಳಿಯಂದಿರೇ, ಇರಲಿಲ್ಲ. ಮಗಳ ತೂಕನೂ ಸರಿಯಾಗಿತ್ತು. ಇನ್ನೇನು ಬೇಕು?"

ತೂಕದಣ್ಣ ಗುಂಪಿನಲ್ಲಿದ್ದ ಸೆಕ್ರೆಟರಿಯ ಕಡೆ ತಿರುಗಿದ. ಅವರು ಕೈ ಹೊಸಕಿಕೊಂಡರು. "ನಾನೇನು ಮಾಡ್ಲಿ ಸಾರ್? ಮನೆ ಇರೋದು ಅವರ ಹೆಸರಲ್ಲಿ, ಜಾಗನೂ ಅವರದೇ. ಈಗ ಕಾರೂ ಅವರದು. ಮನೆಗೊಂದೇ ಕಾರು. ಚೀಟಿ ವಾಪಸ್ ಕೊಡಿ."

ಶೋರೂಮಿನವನು ಗಡಿಯಾರ ನೋಡಿದ, ಫೋನು ತೆಗೆದ, ಸರದಿಯ ಮುಂದಿನವರಿಗೆ ಶುಭಾಶಯ ಹೇಳಿದ. ಕೆಂಪು ಕಾರು ಬಂದ ದಾರಿಯಲ್ಲೇ ಹಿಂದಕ್ಕೆ ಸರಿದು ಗೇಟಿನಾಚೆ ಮರೆಯಾಯಿತು.

"ಲಕೋಟೆ ಅಪ್ಪನಿಗೆ ವಾಪಸ್ ಕೊಟ್ಟುಬಿಡಿ" ಎಂದಳು ಹೆಂಡತಿ ಪಿಸುದನಿಯಲ್ಲಿ. "ಹೆಣ್ಣು ಕೊಟ್ಟ ಮಾವನ ಹತ್ರ ಕಾರಿಗೆ ದುಡ್ಡು ಇಸ್ಕೊಂಡ್ರು ಅಂತ ನಾಳೆ ಅದಕ್ಕೂ ಕಮೆಂಟು ಬರುತ್ತೆ."

ತೂಕದಣ್ಣ ಲಕೋಟೆ ಕೊಟ್ಟ. ಮಾವ ಅದನ್ನು ಜೇಬಿಗಿಳಿಸಿ, ಕೀಲಿಯನ್ನು ಅವನ ಕೈಗೆ ಹಾಕಿದರು.

"ಇದ್ಯಾಕೆ ಮಾವ?"

"ನನಗೆ ಓಡಿಸೋಕೆ ಬರಲ್ಲವಲ್ಲ! ನಾಳೆಯಿಂದ ಬೆಳಿಗ್ಗೆ ಆರೂವರೆಗೆ ನಾನು, ಇವರು, ಇನ್ನಿಬ್ಬರು ಸ್ನೇಹಿತರು ವಾಕಿಂಗಿಗೆ ಕಾರಲ್ಲೇ ಹೋಗೋದು ಅಂತ ಮಾತಾಗಿದೆ. ಇವತ್ತು ಒಂದು ಸುತ್ತು ಹಾಕಿಸಿ. ಹಾರನ್ ಹೊಡೆದೇ ಹೊರಡಿ, ಇಪ್ಪತ್ತೆರಡು ಹೆಜ್ಜೆಯ ತನಕ ಕೇಳಲಿ."

ಆಗ ತೂಕದಣ್ಣನ ಫೋನು ರಿಂಗಾಯಿತು. ಯಾರೋ ಅಭಿಮಾನಿ. "ಸಾರ್, ನಿಮ್ಮಂಥ ಪ್ರಾಮಾಣಿಕರನ್ನ ನಾನು ಕಂಡಿಲ್ಲ. ಆ ಕಾರು ಕೊನೆಗೆ ಯಾರಿಗೆ ಗಂಟು ಬಿತ್ತು ಸಾರ್?"

"ನನಗೇ" ಎಂದು ತೂಕದಣ್ಣ ಸ್ಟಿಯರಿಂಗ್ ಹಿಡಿದ. ನೆರೆಹೊರೆಯವರೆಲ್ಲ ಸೇರಿ ಚಪ್ಪಾಳೆ ತಟ್ಟಿದರು. ಮಾವ ಹಿಂದಿನ ಸೀಟಿನಿಂದ ಎರಡೂ ಕೈ ಎತ್ತಿ ಎಲ್ಲರಿಗೂ ನಮಸ್ಕಾರ ಮಾಡಿದರು.